ಬಾನೆಟ್ಟಿನ ಮೇಲಿನ ಮೊಲ

ಅಪ್ಪ ಗೋಣಿಚೀಲದ ಎರಡು ಮೂಲೆ ಹಿಡಿದು ತಲೆಕೆಳಗು ಮಾಡಿ ಕೊಡವಿದ. ಸ್ವಲ್ಪ ಧೂಳು ಬಿತ್ತು. ಹಳೇ ಪೇಪರಿನ ಒಂದು ಉಂಡೆ ಬಿತ್ತು. ಇನ್ನೇನೂ ಬೀಳಲಿಲ್ಲ.

“ಮೊಲ ಎಲ್ಲಿ?” ಅಂದ ಅಪ್ಪ.

“ಅದರಲ್ಲೇ ಇರತ್ತೆ ನೋಡೋ,” ಎಂದು ಕಾರಿನ ಕೆಳಗಿನಿಂದ ದನಿ ಬಂತು. ಅದು ವೆಲ್ಡರ್ ಮಾಮನ ದನಿ. ಮಾಮ ಕಾಣುತ್ತಿರಲಿಲ್ಲ. ಎರಡು ಕಾಲು ಮಾತ್ರ ಹೊರಗಿದ್ದವು. ಒಂದು ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.

“ಇಲ್ಲ ಕಣೋ. ಚಕ್ರದ ಮುಚ್ಚಳ ಇವೆ. ಬಾಗಿಲ ಹಿಡಿ ನಾಲ್ಕೂ ಇವೆ. ಲೈಟಿನ ಸುತ್ತ ಹಾಕೋ ಬಳೆ ಎರಡೂ ಇವೆ. ಮೊಲ ಇಲ್ಲ.”

“ನನ್ನ ಕೈಯಾರೆ ಪೇಪರಲ್ಲಿ ಸುತ್ತಿ ಹಾಕಿದೀನಿ. ಕನ್ನಡಕ ಹಾಕ್ಕೊಂಡು ನೋಡು.”

ಶೆಡ್ಡಿನ ಮೂಲೆಯಲ್ಲಿ ಬೋಲ್ಟಿನ ಡಬ್ಬಿ ಹಿಡಿದು ಕೂತಿದ್ದ ಜೀರು ತಲೆ ಎತ್ತಲಿಲ್ಲ. ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ, ದೊಡ್ಡದು ಚಿಕ್ಕದು ಅಂತ ಬೇರೆ ಮಾಡುವುದು ಅವಳ ಕೆಲಸ. ಆಗಲೇ ಥಳಥಳ ಹೊಳೆಯುತ್ತಿದ್ದ ಒಂದು ಬೋಲ್ಟನ್ನು ಅವಳು ಮತ್ತೆ ತಿಕ್ಕತೊಡಗಿದಳು.

ಜೀರು ಅನ್ನುವುದು ವೆಲ್ಡರ್ ಮಾಮ ಇಟ್ಟ ಹೆಸರು. ಮಾತು ಕಲಿತ ದಿನದಿಂದ ಅವಳು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. “ಇದು ಹುಡುಗಿಯಲ್ಲ ಕಣೋ, ಜೀರುಂಡೆ. ಮಲಗಿದಾಗ ಸ್ವಿಚ್ ಆಫ್ ಆಗತ್ತೆ ಅಷ್ಟೇ,” ಅಂತ ಮಾಮ ಅಪ್ಪನಿಗೆ ಹೇಳಿದ್ದ. ಆಮೇಲೆ ಅಮ್ಮನೂ ಜೀರು ಅಂದಳು, ಅಕ್ಕಪಕ್ಕದವರೂ ಜೀರು ಅಂದರು. ಐದನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಮಾತ್ರ ಬೇರೆ ಹೆಸರಿತ್ತು.

ಅವತ್ತು ಶೆಡ್ಡಿನಲ್ಲಿ ಜೀರುಂಡೆ ಸುಮ್ಮನಿತ್ತು. ಅದನ್ನು ಇಬ್ಬರಲ್ಲಿ ಒಬ್ಬರಾದರೂ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಆ ಕಾರು ಮನೆಗೆ ಬಂದು ಎರಡು ವರ್ಷ ಆಗಿತ್ತು. ಬಂದಿತ್ತು ಅನ್ನುವುದಕ್ಕಿಂತ ತಳ್ಳಿಕೊಂಡು ತಂದಿದ್ದರು ಅನ್ನಬೇಕು. ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷೀನ್ ಓಡಿಸುತ್ತಿದ್ದ. ಅಲ್ಲಿನ ಗೋಡೌನಿನಲ್ಲಿ, ರದ್ದಿ ಪೇಪರಿನ ಬಂಡಲ್ಲುಗಳ ಹಿಂದೆ, ಅಪ್ಪನಿಗಿಂತ ಹಳೆಯದಾದ ಒಂದು ಕಾರು ನಿಂತಿತ್ತು. ಗೋಡೌನ್ ಖಾಲಿ ಮಾಡುವಾಗ ಅದನ್ನು ಗುಜರಿಗೆ ಹಾಕುತ್ತೇವೆ ಅಂದರು. ಅಪ್ಪ “ನನಗೆ ಕೊಡಿ” ಅಂದ. ಯಾಕೆ ಅಂದನೋ ಅವನಿಗೇ ಗೊತ್ತಿರಲಿಲ್ಲ.

ಕಾರಿನ ತಳದಲ್ಲಿ ಜೀರುವಿನ ತಲೆ ತೂರುವಷ್ಟು ದೊಡ್ಡ ತೂತುಗಳಿದ್ದವು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಬಾಗಿಲು ಎಳೆದರೆ ಹಿಡಿ ಕೈಗೆ ಬರುತ್ತಿತ್ತು, ಬಾಗಿಲು ಬರುತ್ತಿರಲಿಲ್ಲ. ಎಲ್ಲಾ ಕಡೆ ತುಕ್ಕು. ಬಾನೆಟ್ಟಿನ ತುದಿಯಲ್ಲಿದ್ದ ಮೊಲಕ್ಕೆ ಮಾತ್ರ ತುಕ್ಕು ಹಿಡಿದಿರಲಿಲ್ಲ. ಅಂಗೈ ಉದ್ದದ ಲೋಹದ ಮೊಲ ಅದು. ಕಿವಿ ಹಿಂದಕ್ಕೆ ಒರಗಿಸಿಕೊಂಡು, ಮುಂಗಾಲು ಚಾಚಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿತ್ತು.

“ಇಡೀ ಕಾರಲ್ಲಿ ಓಡ್ತಿರೋದು ಇದೊಂದೇ,” ಅಂತ ಅಮ್ಮ ನಕ್ಕಿದ್ದಳು. ಅಮ್ಮನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. “ಮನೆ ಫ್ಯಾನು ಕಿರ್ ಕಿರ್ ಅನ್ನೋಕೆ ಶುರುಮಾಡಿ ವರ್ಷ ಆಯ್ತು. ಅದಕ್ಕೆ ಎರಡು ತೊಟ್ಟು ಎಣ್ಣೆ ಬಿಡೋಕೆ ಇವರಿಗೆ ಪುರುಸೊತ್ತಿಲ್ಲ. ಕಾರು ರಿಪೇರಿ ಮಾಡ್ತಾರಂತೆ!”

ಅಪ್ಪ ಆರು ತಿಂಗಳು ಸಾಕು ಅಂದಿದ್ದ. ಆರು ತಿಂಗಳಲ್ಲಿ ಇಲಿಗಳು ಹೊಸ ವೈರನ್ನೆಲ್ಲ ಕಡಿದು ಹಾಕಿದವು. ಎಂಜಿನ್ ಬಿಚ್ಚಿ ಕೂಡಿಸಿದರೆ ಮೂರು ಬೋಲ್ಟು ಮಿಕ್ಕವು, ಮತ್ತೆ ಬಿಚ್ಚಬೇಕಾಯಿತು. ಎಲ್ಲೆಲ್ಲೋ ಹುಡುಕಿಸಿ ತಂದ ಮುಂದಿನ ಗಾಜು ಒಂದು ಬೆರಳಿನಷ್ಟು ದೊಡ್ಡದಾಯಿತು. ಪ್ರತಿ ಸಲವೂ ಅಪ್ಪ ನೆಲದ ಮೇಲೆ ಕೂತು, ಮಂಡಿ ಮೇಲೆ ಕೈಯಿಟ್ಟು, “ನನ್ನ ಕೈಲಿ ಆಗಲ್ಲ ಕಣೋ, ಗುಜರಿಗೆ ಹಾಕಿಬಿಡೋಣ,” ಅನ್ನುತ್ತಿದ್ದ.

ಆಗ ವೆಲ್ಡರ್ ಮಾಮ ಬೇಕಾಗುತ್ತಿದ್ದ. ಅವನೂ ಅಪ್ಪನೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಮೂರು ಬೀದಿ ಆಚೆ ಅವನ ವೆಲ್ಡಿಂಗ್ ಅಂಗಡಿ. ಪ್ರತಿ ಭಾನುವಾರ ಬೆಳಿಗ್ಗೆ ಬಂದುಬಿಡುತ್ತಿದ್ದ.

“ಇಡೀ ಕಾರು ನೋಡ್ಬೇಡ್ವೋ. ನೋಡಿದ್ರೆ ತಲೆ ಗಿರ್ ಅನ್ನತ್ತೆ. ಇವತ್ತಿನ ಕೆಲಸ ಎಷ್ಟಿದೆಯೋ ಅಷ್ಟೇ ನೋಡು,” ಅನ್ನುತ್ತಿದ್ದ ಮಾಮ. ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ‘ಎಡಗಡೆ ಬಾಗಿಲು’ ಅಂತಲೋ ‘ಹಿಂದಿನ ಚಕ್ರ’ ಅಂತಲೋ ಬರೆಯುತ್ತಿದ್ದ. ಸಂಜೆ ಅದನ್ನು ಅಳಿಸುವ ಹಕ್ಕು ಜೀರುವಿನದು. “ಅಳಿಸಿ ಎಂಜಿನಿಯರ್ರೇ, ಒಂದು ತಲೆನೋವು ಕಮ್ಮಿ ಆಯ್ತು.” ಅಪ್ಪನೂ ನಗುತ್ತಿದ್ದ. ಮುಂದಿನ ಭಾನುವಾರ ಇನ್ನೊಂದು ತಲೆನೋವು. ಹೀಗೇ ಕಾರು ಅಂಗುಲ ಅಂಗುಲವಾಗಿ ಕಾರಾಗುತ್ತಾ ಬಂದಿತ್ತು.

ಮೊಲದ ವಿಷಯ ಜೀರುವಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು.

ಹಿಂದಿನ ವಾರದ ಶನಿವಾರ ಮಾಮ ಕಾರಿನ ಬಿಡಿಭಾಗಗಳಿಗೆ ಹೊಳಪು ಕೊಡಿಸಿ ಪಾಲಿಶ್ ಅಂಗಡಿಯಿಂದ ಚೀಲ ಹೊತ್ತು ತಂದಾಗ ಅಪ್ಪ ಪ್ರೆಸ್ಸಿನಲ್ಲಿದ್ದ. ಮಾಮ ಪೇಪರ್ ಬಿಚ್ಚಿ ಮೊಲವನ್ನು ಜೀರುವಿನ ಅಂಗೈ ಮೇಲೆ ಇಟ್ಟಿದ್ದ. ಅದು ಕನ್ನಡಿಯ ಹಾಗಿತ್ತು. ಮೊಲದ ಹೊಟ್ಟೆಯಲ್ಲಿ ಅವಳ ಮುಖ ಉದ್ದಕ್ಕೆ ಕಾಣುತ್ತಿತ್ತು.

“ಅಪ್ಪ ಬರಲಿ, ಅವನೇ ಚೀಲ ಬಿಚ್ಚಲಿ. ಪಾಪ, ಖುಷಿಪಡೋಕೆ ಅವನಿಗೂ ಏನಾದ್ರೂ ಬೇಕಲ್ಲ,” ಅಂದು ಮಾಮ ಅದನ್ನು ಮತ್ತೆ ಸುತ್ತಿ ಒಳಗಿಟ್ಟಿದ್ದ. ಮರುದಿನ ಪ್ರೆಸ್ಸಿನಲ್ಲಿ ಅರ್ಜೆಂಟ್ ಕೆಲಸ ಬಂದು ಅಪ್ಪ ಶೆಡ್ಡಿಗೆ ಹೋಗಲೇ ಇಲ್ಲ. ಚೀಲ ಕಟ್ಟಿದ ಹಾಗೇ ಇತ್ತು.

ಸ್ಕೂಲಿನಲ್ಲಿ ಒಬ್ಬ ಹುಡುಗ ಇದ್ದ. ಜೀರು ಕ್ಲಾಸಿಗೆ ಕಾಲಿಟ್ಟ ಕೂಡಲೇ ಬಾಯಲ್ಲಿ “ಪೋಂ ಪೋಂ” ಅನ್ನುತ್ತಿದ್ದ. ಮೂರನೇ ಕ್ಲಾಸಿನಲ್ಲಿದ್ದಾಗ ಅವಳು ಎಲ್ಲರಿಗೂ, “ನಮ್ಮ ಕಾರು ರೆಡಿ ಆದ್ಮೇಲೆ ನಿಮ್ಮನ್ನೆಲ್ಲ ಒಂದು ರೌಂಡ್ ಕರ್ಕೊಂಡು ಹೋಗ್ತೀನಿ,” ಅಂದಿದ್ದಳು. ಈಗ ಐದನೇ ಕ್ಲಾಸು. ‘ಪೋಂ ಪೋಂ’ ಈಗ ಇಡೀ ಹಿಂದಿನ ಬೆಂಚಿಗೆ ಹಬ್ಬಿತ್ತು.

“ಕಾರೂ ಇಲ್ಲ, ಗೀರೂ ಇಲ್ಲ. ಬರೀ ಸುಳ್ಳು,” ಅಂದಿದ್ದ ಆ ಹುಡುಗ.

ಸೋಮವಾರ ಬೆಳಿಗ್ಗೆ ಜೀರು ಚೀಲದ ಬಾಯಿ ಬಿಚ್ಚಿ, ಮೊಲವನ್ನು ಸಾಕ್ಸಿನೊಳಗೆ ತೂರಿಸಿ, ಬ್ಯಾಗಿನ ತಳದಲ್ಲಿಟ್ಟುಕೊಂಡು ಹೋದಳು. ಸಂಜೆ ವಾಪಸ್ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಊಟದ ಬೆಲ್ಲಾದ ಮೇಲೆ ಎಲ್ಲರೂ ಮುತ್ತಿಕೊಂಡರು. ಪೋಂ ಪೋಂ ಹುಡುಗನ ಬಾಯಿ ತೆರೆದೇ ಇತ್ತು. ಜೀರುವಿಗೆ ಎರಡು ವರ್ಷದ ಸೇಡು ಒಂದೇ ದಿನ ತೀರಿದಂತಾಯಿತು. “ಓಡೋವಾಗ ಹೇಗೆ ಕಾಣತ್ತೆ ತೋರಿಸ್ತೀನಿ ನೋಡಿ,” ಅಂದು ಅವಳು ಕಾಂಪೌಂಡ್ ಗೋಡೆ ಮೇಲೆ ಮೊಲವನ್ನು ಓಡಿಸಿದಳು. ಒಂದು ಸಲ ಓಡಿಸಿದಳು. ಎರಡನೇ ಸಲ ಜೋರಾಗಿ ಓಡಿಸಿದಳು. ಕೈ ಜಾರಿತು.

ಗೋಡೆಯ ಆಚೆ ಹೊಸ ಕಟ್ಟಡ ಏಳುತ್ತಿತ್ತು. ಕಂಬಕ್ಕೆಂದು ತೋಡಿದ ಆಳದ ಗುಂಡಿ, ಅದರೊಳಗೆ ಕಬ್ಬಿಣದ ಸರಳುಗಳು. ಟಿಣ್ ಅಂತ ಸದ್ದಾಯಿತು. ಬಗ್ಗಿ ನೋಡಿದರೆ ಕೆಳಗೆ, ಸರಳುಗಳ ನಡುವೆ, ಮೊಲ ಮಿನುಗುತ್ತಿತ್ತು.

“ಏಯ್, ಯಾರದು ಅಲ್ಲಿ? ಗೋಡೆಯಿಂದ ಇಳೀರಿ!” ಅಂತ ಆಚೆಯಿಂದ ಮೇಸ್ತ್ರಿ ಕೂಗಿದ. ಅಷ್ಟರಲ್ಲಿ ಬೆಲ್ಲಾಯಿತು. ಸಂಜೆ ಕೇಳಿ ತೆಗೆಸಿಕೊಂಡರಾಯಿತು ಅಂದುಕೊಂಡಳು ಜೀರು.

ಸಂಜೆ ನಾಲ್ಕಕ್ಕೆ ಓಡಿಹೋದಾಗ ಗುಂಡಿ ಇರಲಿಲ್ಲ. ಅಲ್ಲಿ ಬೂದುಬಣ್ಣದ ಹಸಿ ಕಾಂಕ್ರೀಟ್ ಇತ್ತು. ಅದರ ಮೇಲೆ ನೆಂದ ಗೋಣಿತಾಟು ಹೊದಿಸಿದ್ದರು. ಮೇಸ್ತ್ರಿ ಕೈಕಾಲು ತೊಳೆದು ಮನೆಗೆ ಹೊರಟಿದ್ದ.

ಮನೆಗೆ ಹೋದ ಕೂಡಲೇ ಹೇಳಬೇಕು ಅಂದುಕೊಂಡಳು. ಅಪ್ಪನ ಮುಖ ಊದಿಕೊಂಡಿತ್ತು. ಪ್ರೆಸ್ಸಿನಲ್ಲಿ ಏನೋ ಜಗಳ. ನಾಳೆ ಹೇಳೋಣ ಅಂದುಕೊಂಡಳು. ನಾಳೆ ಅಮ್ಮನಿಗೆ ತಲೆನೋವು. ನಾಳೆ ನಾಳೆ ಅಂತ ಭಾನುವಾರ ಬಂದುಬಿಟ್ಟಿತ್ತು.

ವೆಲ್ಡರ್ ಮಾಮ ಕಾರಿನಡಿಯಿಂದ ತೆವಳಿಕೊಂಡು ಹೊರಗೆ ಬಂದ. ಚೀಲದೊಳಗೆ ಕೈ ಹಾಕಿ ಮೂಲೆ ಮೂಲೆ ತಡವಿದ. ಬಿದ್ದಿದ್ದ ಪೇಪರ್ ಉಂಡೆ ಬಿಡಿಸಿ ನೋಡಿದ.

“ಇದರಲ್ಲೇ ಸುತ್ತಿದ್ದೆ. ಇದೇ ಪೇಪರ್.”

“ಪಾಲಿಶ್ ಅಂಗಡಿಯವನು ಅದನ್ನ ತನಗೆ ಕೊಡ್ತೀರಾ ಅಂತ ಕೇಳಿದ್ದ ಅಂದ್ಯಲ್ಲ?” ಅಂದ ಅಪ್ಪ.

“ಹೂಂ, ಕೇಳಿದ. ಹಳೇ ಕಾರಿನ ಸಾಮಾನು ಹುಡುಕೋರು ಇರ್ತಾರಂತೆ. ಕೊಡಲ್ಲ ಅಂದೆ.”

ಅಪ್ಪ ಚೀಲವನ್ನು ಮಡಚತೊಡಗಿದ. ಎಡಕ್ಕೆ ಮಡಚಿದ, ಬಲಕ್ಕೆ ಮಡಚಿದ, ಮತ್ತೆ ಬಿಚ್ಚಿದ.

“ಏನೋ ಅದು, ಬಾಯಿ ಬಿಟ್ಟು ಹೇಳು,” ಅಂದ ಮಾಮ.

“ನಾನೇನು ಹೇಳ್ಲಿ? ಚೀಲ ತಗೊಂಡು ಹೋದವನು ನೀನು. ತಂದವನೂ ನೀನು. ನಾನು ಈಗ ಬಿಚ್ಚಿದೆ.”

“ಅಂದ್ರೆ?”

“ಅಂದ್ರೆ ಏನೂ ಇಲ್ಲ. ಮೊಲ ಇಲ್ಲ, ಅಷ್ಟೇ.”

ಮಾಮ ಒಂದು ಕ್ಷಣ ಅಪ್ಪನ ಮುಖವನ್ನೇ ನೋಡಿದ. ಆಮೇಲೆ ಏನೋ ಹೊಳೆದವನಂತೆ ಮೂಲೆಗೆ ತಿರುಗಿದ. “ಅಯ್ಯೋ, ಜೀರುಗೆ ತೋರಿಸಿದ್ನಲ್ಲ! ಅವಳ ಕೈಮೇಲೇ ಇಟ್ಟಿದ್ದೆ. ಹೇಳೇ ಜೀರುಂಡೆ, ಹೋದ ವಾರ ಶನಿವಾರ ಸಂಜೆ ತೋರಿಸಿದೆ ತಾನೆ?”

ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಬ್ರಷ್ಷಿನಿಂದ ಸೀಮೆಎಣ್ಣೆ ತೊಟ್ಟಿಕ್ಕುತ್ತಿತ್ತು. ಹೌದು ಅಂದರೆ ಆಮೇಲಿನ ಪ್ರಶ್ನೆ ಏನು ಅಂತ ಅವಳಿಗೆ ಗೊತ್ತಿತ್ತು.

“ನಂಗೆ ನೆನಪಿಲ್ಲ,” ಅಂದಳು ಜೀರು.

ವೆಲ್ಡರ್ ಮಾಮ ಸಿಟ್ಟು ಮಾಡಲಿಲ್ಲ. ಕೂಗಾಡಲಿಲ್ಲ. ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ವೆಲ್ಡಿಂಗ್ ಮಷೀನಿನ ಕೇಬಲ್ಲನ್ನು ಮೊಣಕೈಗೆ ಸುತ್ತಿಕೊಂಡು ಸಿಂಬಿ ಮಾಡಿದ. ಕಣ್ಣಿಗೆ ಹಿಡಿಯುವ ಕಪ್ಪು ಗಾಜು, ಸುತ್ತಿಗೆ, ಕೈಗವಸು ಎಲ್ಲವನ್ನೂ ತನ್ನ ಪೆಟ್ಟಿಗೆಗೆ ತುಂಬಿದ. ಕಾರಿನ ತಳದ ಹೊಸ ತಗಡು ಅರ್ಧ ಅಂಟಿ ಅರ್ಧ ಜೋತಾಡುತ್ತಿತ್ತು.

“ಲೋ, ಎಲ್ಲಿಗೆ? ಕೆಲಸ ಅರ್ಧ ಆಗಿದೆ,” ಅಂದ ಅಪ್ಪ.

ಮಾಮ ಗೇಟು ಹಾಕಿಕೊಂಡು ಹೋದ. ಗೋಡೆ ಮೇಲೆ ‘ತಳದ ತಗಡು’ ಅಂತ ಅವನೇ ಬರೆದಿದ್ದು ಹಾಗೇ ಉಳಿಯಿತು. ಅವತ್ತು ಸಂಜೆ ಅದನ್ನು ಯಾರೂ ಅಳಿಸಲಿಲ್ಲ.

ಮುಂದಿನ ಭಾನುವಾರ ಅಪ್ಪ ಒಬ್ಬನೇ ಶೆಡ್ಡಿಗೆ ಹೋದ. ಸ್ಟೂಲಿನ ಮೇಲೆ ಕೂತು ಕಾರನ್ನು ನೋಡಿದ. ಇಡೀ ಕಾರನ್ನು ನೋಡಿದ. ಒಂದು ಸ್ಪ್ಯಾನರ್ ಎತ್ತಿಕೊಂಡು ಮತ್ತೆ ಕೆಳಗಿಟ್ಟ. ಅದರ ಮುಂದಿನ ಭಾನುವಾರ ಹಳೇ ಟಾರ್ಪಾಲು ತಂದು ಕಾರಿಗೆ ಹೊದಿಸಿಬಿಟ್ಟ. ಆಮೇಲಿನ ಭಾನುವಾರ ಮಧ್ಯಾಹ್ನದವರೆಗೂ ಹಾಸಿಗೆಯಿಂದ ಏಳಲಿಲ್ಲ.

“ನಿಮ್ಮಪ್ಪ ಕೊನೆಗೂ ಫ್ಯಾನಿಗೆ ಎಣ್ಣೆ ಬಿಟ್ರು ನೋಡೇ,” ಅಂದಳು ಅಮ್ಮ ಜೀರುವಿನ ಹತ್ತಿರ. ಅದು ತಮಾಷೆಯ ಮಾತು. ಅಮ್ಮ ಮಾತ್ರ ನಗಲಿಲ್ಲ.

ಜೀರು ಟಾರ್ಪಾಲಿನ ಕೆಳಗೆ ತೂರಿಕೊಂಡು ತಾನೇ ಕೆಲಸ ಶುರು ಮಾಡಿದಳು. ಬಾಗಿಲಿನ ಒಳಗಡೆಯ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿದಳು. ದಿನಾ ಸ್ಕೂಲಿಂದ ಬಂದು ಅರ್ಧ ಗಂಟೆ ಉಜ್ಜಿದಳು. ಉಗುರಿನ ಸಂದಿಯೆಲ್ಲ ಕೆಂಪಾಯಿತು. ಇದೊಂದು ಬಾಗಿಲು ಪೂರ್ತಿ ಹೊಳೆದರೆ ಅಪ್ಪನಿಗೆ ಮತ್ತೆ ಮನಸ್ಸು ಬರಬಹುದು. ಅಪ್ಪನಿಗೆ ಮನಸ್ಸು ಬಂದರೆ ಮಾಮನನ್ನು ಕರೆಯಬಹುದು. ಆಗ ಯಾರಿಗೂ ಏನೂ ಹೇಳಬೇಕಾಗಿಯೇ ಇರುವುದಿಲ್ಲ.

ಬಾಗಿಲು ಹೊಳೆಯಿತು. ಅವಳು ಅಪ್ಪನ ಕೈ ಹಿಡಿದು ಎಳೆದುಕೊಂಡು ಬಂದು ತೋರಿಸಿದಳು.

“ಚೆನ್ನಾಗಿದೆ ಪುಟ್ಟಾ,” ಅಂದ ಅಪ್ಪ. ಬೆರಳಿನಲ್ಲಿ ಸವರಿ ನೋಡಿದ. “ಸುಮ್ನೆ ಯಾಕೆ ಕೈ ನೋಯಿಸ್ಕೋತೀಯ? ತಿಂಗಳ ಕೊನೆಗೆ ಗುಜರಿಯವನಿಗೆ ಬಾ ಅಂದಿದೀನಿ.”

ಸ್ಕೂಲಿನ ಪಕ್ಕದ ಕಂಬ ಆಗಲೇ ಗೋಡೆ ದಾಟಿ ಮೇಲೆ ಎದ್ದಿತ್ತು. ಅದರ ಮೇಲೊಂದು ಮಹಡಿಯೂ ಬಂದಿತ್ತು. ಕ್ಲಾಸಿನ ಕಿಟಕಿಯಿಂದ ಅದು ಕಾಣದ ಹಾಗೆ ಜೀರು ಜಾಗ ಬದಲಾಯಿಸಿ ಕೂತಳು. ಪೋಂ ಪೋಂ ಅನ್ನುವುದು ನಿಂತುಹೋಗಿತ್ತು. ಆ ಹುಡುಗನೇ ಒಂದು ದಿನ ಮೆಲ್ಲಗೆ ಕೇಳಿದ: “ಮನೇಲಿ ಬೈದ್ರಾ?”

“ಇಲ್ಲ,” ಅಂದಳು ಜೀರು.

“ಲಕ್ಕಿ ನೀನು,” ಅಂದ ಅವನು.

ಒಂದು ಸಂಜೆ ಸ್ಕೂಲಿನಿಂದ ಬರುವಾಗ ಎದುರಿಗೆ ವೆಲ್ಡರ್ ಮಾಮ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಸೈಕಲ್ಲಿನ ಮೇಲೆ ಉದ್ದನೆಯ ಕಬ್ಬಿಣದ ಪೈಪುಗಳಿದ್ದವು. ತಪ್ಪಿಸಿಕೊಳ್ಳಲು ಗಲ್ಲಿ ಇರಲಿಲ್ಲ.

“ಏನಮ್ಮಾ ಜೀರುಂಡೆ, ಹೇಗಿದೀಯ?” ಮಾಮನ ದನಿ ಯಾವಾಗಲೂ ಇದ್ದ ಹಾಗೇ ಇತ್ತು. ಮುಖ ಮಾತ್ರ ಸ್ವಲ್ಪ ಇಳಿದಿತ್ತು. “ಮೊಲ ಏನಾದ್ರೂ ಸಿಕ್ತಾ?”

ಅವಳು ಇಲ್ಲ ಎಂದು ತಲೆಯಾಡಿಸಿದಳು.

“ನಾನೂ ಪಾಲಿಶ್ ಅಂಗಡಿಗೆ ಮೂರು ಸಲ ಹೋಗಿಬಂದೆ. ಅವರ ಹಿತ್ತಲಿನ ಕಸದ ರಾಶಿನೆಲ್ಲ ಜಾಲಾಡಿದೆ. ದಾರೀಲಿ ಎಲ್ಲಾದ್ರೂ ಬಿತ್ತೇನೋ ಅಂತ ಚರಂಡಿ ಪಕ್ಕ ಎಲ್ಲ ನೋಡ್ಕೊಂಡು ಬಂದೆ.” ಮಾಮ ಪೈಪುಗಳ ಕಟ್ಟನ್ನು ಸರಿಮಾಡಿದ. “ನಿನಗೆ ತೋರಿಸಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ ನೋಡು. ನಿನ್ನ ಅಂಗೈ ಮೇಲೆ ಇಟ್ಟಿದ್ದು, ನೀನು ಅದರಲ್ಲಿ ಮುಖ ನೋಡ್ಕೊಂಡಿದ್ದು. ಆದ್ರೆ ನಿನಗೇ ನೆನಪಿಲ್ಲ ಅಂದ್ಮೇಲೆ ನಾನು ತೋರಿಸೇ ಇಲ್ಲ ಅನ್ಸತ್ತೆ. ನನ್ನ ತಲೆನೇ ಎಲ್ಲೋ ಕೆಟ್ಟಿದೆ. ನಾನೇ ಬೀಳಿಸಿರ್ಬೇಕು. ಅಪ್ಪನಿಗೆ ಹೇಳು, ಹುಡುಕ್ತಾ ಇದೀನಿ ಅಂತ.”

ಸೈಕಲ್ ಮುಂದೆ ಹೋಯಿತು. ಪೈಪಿನ ತುದಿಗೆ ಕಟ್ಟಿದ್ದ ಕೆಂಪು ಬಟ್ಟೆ ಅಲ್ಲಾಡುತ್ತಾ ಹೋಯಿತು. ಜೀರು ಅಲ್ಲೇ ನಿಂತಳು.

ಅವತ್ತು ಅಪ್ಪ ಪ್ರೆಸ್ಸಿನಿಂದ ಬಂದು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಅವಳು ಬಾಗಿಲಲ್ಲಿ ನಿಂತು ಎಲ್ಲ ಹೇಳಿಬಿಟ್ಟಳು. ಸಾಕ್ಸು, ಗೋಡೆ, ಗುಂಡಿ, ಕಾಂಕ್ರೀಟ್. ಯಾವುದು ಮೊದಲು ಯಾವುದು ಆಮೇಲೆ ಅಂತ ಇಲ್ಲ, ಬಾಯಿಗೆ ಬಂದ ಹಾಗೆ ಹೇಳಿದಳು.

ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ.

“ಅವತ್ತು ನೆನಪಿಲ್ಲ ಅಂದ್ಯಲ್ಲ?”

“ನೆನಪಿತ್ತು,” ಅಂದಳು ಜೀರು.

ಬೈಯುತ್ತಾನೆ ಅಂದುಕೊಂಡಿದ್ದಳು. ಒಂದೇಟು ಬಿದ್ದರೂ ಬೀಳಬಹುದು ಅಂದುಕೊಂಡಿದ್ದಳು. ಅಪ್ಪ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. “ನೀನು ಹತ್ತು ವರ್ಷದವಳು. ಭಯ ಆಯ್ತು. ನಂಗೇನಾಗಿತ್ತು?” ಅಂದ. ಅದನ್ನು ಅವಳಿಗೆ ಹೇಳಿದನೋ ತನಗೇ ಹೇಳಿಕೊಂಡನೋ ಗೊತ್ತಾಗಲಿಲ್ಲ. ಆಮೇಲೆ ಎದ್ದು, “ಚಪ್ಪಲಿ ಹಾಕ್ಕೋ,” ಅಂದ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಮ ಒಂದು ಗೇಟಿನ ಮೇಲೆ ಬಗ್ಗಿದ್ದ. ನೀಲಿ ಬೆಳಕು ಚಿಟಿಚಿಟಿ ಅನ್ನುತ್ತಿತ್ತು. ನೋಡಬಾರದು ಅಂತ ಜೀರು ಕಣ್ಣು ಮುಚ್ಚಿಕೊಂಡು ನಿಂತಳು. ಸದ್ದು ನಿಂತ ಮೇಲೆ ಕಣ್ಣು ಬಿಟ್ಟಳು. ಮಾಮ ಕಪ್ಪು ಗಾಜು ಕೆಳಗಿಟ್ಟು ಇವರನ್ನೇ ನೋಡುತ್ತಿದ್ದ.

ಅಪ್ಪ ಪಕ್ಕಕ್ಕೆ ಸರಿದು ಅವಳನ್ನು ಮುಂದೆ ಬಿಟ್ಟ. ಅವಳೇ ಮಾತಾಡಬೇಕಾಯಿತು.

“ಮಾಮ, ನೀವು ಬೀಳಿಸಿಲ್ಲ. ನೀವು ನಂಗೆ ತೋರಿಸಿದ್ರಿ. ನಾನೇ ಸ್ಕೂಲಿಗೆ ತಗೊಂಡು ಹೋಗಿ ಬೀಳಿಸಿದೆ. ಅದರ ಮೇಲೆ ಕಾಂಕ್ರೀಟ್ ಹಾಕಿಬಿಟ್ರು. ಅವತ್ತು ನಾನು ಸುಳ್ಳು ಹೇಳ್ದೆ. ಸಾರಿ ಮಾಮ.”

ಮಾಮ ದೊಡ್ಡದಾಗಿ ಉಸಿರು ಬಿಟ್ಟ. “ಹಾಗಾದ್ರೆ ತೋರಿಸಿದ್ದೆ!” ಅಂದ. “ನನ್ನ ತಲೆ ನೆಟ್ಟಗಿದೆ. ಅಬ್ಬಾ! ನಮ್ಮನೇಲಿ ಎಲ್ಲರಿಗೂ ನಂಗೆ ಮರೆವು ಶುರುವಾಗಿದೆ ಅಂತ ಹೇಳಿಬಿಟ್ಟಿದ್ದೆನಲ್ಲೇ.” ಕರಿ ಹತ್ತಿದ ಕೈಯನ್ನು ಅವಳ ತಲೆ ಮೇಲಿಡಲು ಹೋಗಿ, ಕೈ ನೋಡಿಕೊಂಡು, ಮೊಣಕೈಯಿಂದ ಮೆಲ್ಲಗೆ ತಟ್ಟಿದ. “ಅಳಬೇಡ. ಬಂದು ಹೇಳಿದ್ಯಲ್ಲ.”

“ಲೋ,” ಅಂದ ಅಪ್ಪ. “ನಂದು ದೊಡ್ಡ ತಪ್ಪಾಯ್ತು ಕಣೋ. ನಿನ್ನ ಮೇಲೆ ನಾನು...”

“ಇರಲಿ ಬಿಡಿ,” ಅಂದ ಮಾಮ. “ಕೂತ್ಕೊಳ್ಳಿ. ಟೀ ತರಿಸ್ತೀನಿ.”

ಜೀರು ತಟ್ಟನೆ ತಲೆ ಎತ್ತಿದಳು. ಬಿಡಿ. ಕೂತ್ಕೊಳ್ಳಿ. ಗೇಟು ಮಾಡಿಸಲು ಬಂದವರಿಗೆ ಮಾಮ ಹೀಗೆ ಮಾತಾಡುತ್ತಿದ್ದ. ಅಪ್ಪನ ಜೊತೆ ಅವನು ಯಾವತ್ತೂ ಹೀಗೆ ಮಾತಾಡಿದವನಲ್ಲ. ಅಪ್ಪನಿಗೂ ಕೇಳಿಸಿರಬೇಕು. ಸ್ಟೂಲಿನ ಅಂಚಿನಲ್ಲಿ, ಹೊಸಬರ ಮನೆಗೆ ಬಂದವನ ಹಾಗೆ, ಕೈ ಕಟ್ಟಿಕೊಂಡು ಕೂತ.

ಟೀ ಕುಡಿಯುತ್ತಾ ಅಪ್ಪ ಗುಜರಿಯವನ ವಿಷಯ ಹೇಳಿದ. ಹೊರಡುವಾಗ ಮಾಮ, “ಆ ತಗಡು ಅರ್ಧಕ್ಕೆ ಬಿಟ್ಟು ಬಂದಿದೀನಿ. ನಂಗೂ ಅದು ಸರಿ ಕಾಣಲ್ಲ. ಭಾನುವಾರ ಬಂದು ಮುಗಿಸಿಕೊಡ್ತೀನಿ. ಗುಜರಿಯವನಿಗೆ ಬರ್ಬೇಡ ಅಂತ ಹೇಳಿ,” ಅಂದ.

ಅವನು ಬಂದ. ಹೇಳಿದ ಟೈಮಿಗೆ ಸರಿಯಾಗಿ ಬಂದ. ತಳದ ತಗಡು ಮುಗಿಯಿತು. ಆಮೇಲೆ ವೈರಿಂಗ್, ಆಮೇಲೆ ಬ್ರೇಕು, ಆಮೇಲೆ ಪೇಂಟು. ವಿಚಿತ್ರ ಅಂದರೆ ಕೆಲಸ ಈಗ ಮೊದಲಿಗಿಂತ ಬೇಗ ಬೇಗ ಸಾಗುತ್ತಿತ್ತು. ಯಾರೂ ಹರಟುತ್ತಿರಲಿಲ್ಲ. ಯಾರೂ ಮೊದಲಿನ ಹಾಗೆ ತಮ್ಮ ಒಂದನೇ ಕ್ಲಾಸಿನ ಟೀಚರ್ ಥರ ಆಕ್ಟಿಂಗ್ ಮಾಡಿ ತೋರಿಸುತ್ತಿರಲಿಲ್ಲ. “ಆ ಸ್ಪ್ಯಾನರ್ ಕೊಡ್ತೀರಾ?” “ತಗೊಳ್ಳಿ.” “ಸಾಕಾ?” “ಸಾಕು.” ಕೊನೆಗೆ ಅಪ್ಪನೂ ಲೋ ಅನ್ನುವುದನ್ನು ಬಿಟ್ಟ. ಒಬ್ಬರು ಲೋ ಅಂದು, ಇನ್ನೊಬ್ಬರು ಹೇಳಿ ಅಂದರೆ ಅದು ಕೇಳುವುದಕ್ಕೇ ಕಷ್ಟವಾಗಿತ್ತು.

ಜೀರು ತನ್ನ ಕೈಲಾದದ್ದು ಮಾಡಿದಳು. ಸ್ಕೂಲಿನ ಕತೆ ಹೇಳಿದಳು, ಜೋಕು ಹೇಳಿದಳು. ಮಾಮ ನಗುತ್ತಿದ್ದ. ಅಪ್ಪನೂ ನಗುತ್ತಿದ್ದ. ಇಬ್ಬರೂ ಅವಳ ಕಡೆ ನೋಡಿ ನಗುತ್ತಿದ್ದರು. ಒಬ್ಬರನ್ನೊಬ್ಬರು ನೋಡಿ ನಗುತ್ತಿರಲಿಲ್ಲ.

ಬಾನೆಟ್ಟಿಗೆ ಪೇಂಟು ಹೊಡೆಯುವ ಮುಂಚೆ ಮಾಮ, ಮೊಲ ಕೂತಿದ್ದ ಜಾಗದ ಎರಡು ಸಣ್ಣ ತೂತು ತೋರಿಸಿ, “ಇದನ್ನ ಮುಚ್ಚಿಬಿಡ್ಲಾ? ಗೊತ್ತೇ ಆಗಲ್ಲ,” ಅಂದ.

“ಬೇಡ. ಇರಲಿ,” ಅಂದ ಅಪ್ಪ.

ಮಾಮ ವಾಪಸ್ ಬಂದ ಐದನೇ ತಿಂಗಳಿನ ಒಂದು ಭಾನುವಾರ ಕಾರು ಸ್ಟಾರ್ಟ್ ಆಯಿತು. ಮೊದಲು ಕೆಮ್ಮಿತು, ಆಮೇಲೆ ಸೀನಿತು, ಆಮೇಲೆ ಇಡೀ ಶೆಡ್ಡು ಗಡಗಡ ನಡುಗುವ ಹಾಗೆ ಎದ್ದು ನಿಂತಿತು. ಅಮ್ಮ ಕೈಯಲ್ಲಿದ್ದ ಪಾತ್ರೆ ಸಮೇತ ಓಡಿಬಂದಳು. ಜೀರು ಕುಣಿದಳು. ಅಪ್ಪ ಸ್ಟೀರಿಂಗ್ ಹಿಡಿದು ಕೂತುಬಿಟ್ಟಿದ್ದ. ಅವನ ಕಣ್ಣು ತುಂಬಿತ್ತು. ಮಾಮ ಎಂಜಿನ್ನಿಗೆ ಕಿವಿಗೊಟ್ಟು, “ಹೂಂ, ಪರವಾಗಿಲ್ಲ,” ಅಂದ.

ಜೀರುವೂ ಅಮ್ಮನೂ ಹಿಂದಿನ ಸೀಟಿಗೆ ಹತ್ತಿದರು. ಅಪ್ಪ ಕೈಚಾಚಿ ಪಕ್ಕದ ಸೀಟಿನ ಬಾಗಿಲು ತೆರೆದ.

“ಬಾ... ಬನ್ನಿ,” ಅಂದ. “ಒಂದು ರೌಂಡು ಹೋಗಿಬರೋಣ.”

ಮಾಮ ಪೆಟ್ಟಿಗೆ ಎತ್ತಿಕೊಂಡಿದ್ದ. “ನೀವು ಹೋಗಿಬನ್ನಿ. ಅಂಗಡೀಲಿ ಸ್ವಲ್ಪ ಕೆಲಸ ಇದೆ. ಇಲ್ಲೇ ಹತ್ತಿರ ತಾನೆ, ನಡ್ಕೊಂಡು ಹೋಗ್ತೀನಿ.” ಬಾಗಿಲನ್ನು ಅವನೇ ಮೆಲ್ಲಗೆ ಮುಚ್ಚಿದ. ಒಳ್ಳೇ ಬಾಗಿಲು. ಒಂದೇ ಸಲಕ್ಕೆ ಮುಚ್ಚಿಕೊಂಡಿತು.

ಕಾರು ಗೇಟು ದಾಟಿ ಬೀದಿಗೆ ಬಂತು. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಈ ಗಳಿಗೆಯನ್ನು ಜೀರು ಎಷ್ಟು ಸಲ ಮನಸ್ಸಿನಲ್ಲೇ ನೋಡಿದ್ದಳೋ! ಹಿಂದಿನ ಗಾಜಿನಲ್ಲಿ ಮಾಮ ರಸ್ತೆ ಬದಿಯಲ್ಲಿ ಪೆಟ್ಟಿಗೆ ಹಿಡಿದು ನಡೆಯುತ್ತಿ​ದ್ದುದು ಕಾಣುತ್ತಿತ್ತು. ಭಾರಕ್ಕೆ ಒಂದು ಭುಜ ವಾಲಿತ್ತು.

“ಅಪ್ಪಾ, ನಿಲ್ಸು. ನಾನು ಇಳೀತೀನಿ.”

“ಈಗ್ಲಾ? ಯಾಕೇ?” ಅಂದಳು ಅಮ್ಮ.

ಅಪ್ಪ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಕಾರು ನಿಲ್ಲಿಸಿದ.

ಜೀರು ಇಳಿದು ಮಾಮ ಬರುವವರೆಗೆ ಕಾದಳು. ಪೆಟ್ಟಿಗೆಯ ಇನ್ನೊಂದು ಹಿಡಿ ಹಿಡಿದುಕೊಂಡಳು. ಮಾಮ ಒಂದು ಸಲ ಅವಳನ್ನು ನೋಡಿದ. ಇಬ್ಬರೂ ನಡೆದರು. ಪೆಟ್ಟಿಗೆ ಇಬ್ಬರ ನಡುವೆ ತೂಗಾಡುತ್ತಾ ಅವಳ ಮಂಡಿಗೆ ತಗಲುತ್ತಿತ್ತು. ಸಾರಿ ಅಂತ ಇನ್ನೊಮ್ಮೆ ಹೇಳಬೇಕು ಅನ್ನಿಸಿತು. ಆ ಮಾತನ್ನು ಅವಳು ಆಗಲೇ ಎಷ್ಟೋ ಸಲ ಹೇಳಿದ್ದಳು. ಅದಕ್ಕೇ ಸುಮ್ಮನೆ ಪೆಟ್ಟಿಗೆ ಹಿಡಿದುಕೊಂಡಳು.

ಕಾರು ಅವರನ್ನು ಬಿಟ್ಟು ಹೋಗದೆ ಮುಂದೆ ಮುಂದೆ ನಿಧಾನಕ್ಕೆ ಹೋಗುತ್ತಿತ್ತು. ತಿರುವಿನಲ್ಲಿ ನಿಂತಿತು. ಮಾಮನ ಅಂಗಡಿಗೆ ಅಲ್ಲಿಂದ ಎಡಗಡೆ ಗಲ್ಲಿ.

ಮಾಮ ಗಲ್ಲಿಯ ಬಾಯಲ್ಲಿ ನಿಂತು, ಕಾರಿನ ಹಿಂದಿನ ಚಕ್ರಗಳನ್ನೇ ನೋಡಿದ. “ಬ್ರೇಕು ಸ್ವಲ್ಪ ಎಡಕ್ಕೆ ಎಳೀತಿದೆ,” ಅಂದ. “ಭಾನುವಾರ ಬಂದು ನೋಡ್ತೀನಿ ಅಂತ ಹೇಳು ನಿಮ್ಮಪ್ಪಂಗೆ.”

“ನೀವೇ ಹೇಳಿ ಮಾಮ. ಅಲ್ಲೇ ಇದ್ದಾನಲ್ಲ.”

ಮಾಮ ಕಾರಿನ ಕಡೆ ನೋಡಿದ. ಒಂದು ಹೆಜ್ಜೆ ಇಡುತ್ತಾನೆ ಅನ್ನಿಸಿತು. “ನೀನೇ ಹೇಳು,” ಅಂದು ಅವಳ ಕೈಯಿಂದ ಹಿಡಿ ಬಿಡಿಸಿಕೊಂಡು ಗಲ್ಲಿಯೊಳಗೆ ನಡೆದ.

ಅಂಗಡಿಯ ಬಾಗಿಲು ಎತ್ತುವ ಸದ್ದು ಕೇಳುವವರೆಗೂ ಜೀರು ಅಲ್ಲೇ ನಿಂತಿದ್ದಳು. ಆಮೇಲೆ ಕಾರಿನ ಹತ್ತಿರ ಹೋದಳು.

“ಬ್ರೇಕು ಎಡಕ್ಕೆ ಎಳೀತಿದೆಯಂತೆ. ಭಾನುವಾರ ಬಂದು ನೋಡ್ತಾರಂತೆ.”

“ಹಾಗಂದ್ನಾ?” ಅಂದ ಅಪ್ಪ. ಸ್ವಲ್ಪ ಹೊತ್ತು ಗಲ್ಲಿಯ ಕಡೆಯೇ ನೋಡುತ್ತಿದ್ದ. ಆಮೇಲೆ, “ಮುಂದೆ ಬಂದು ಕೂತ್ಕೋ ಪುಟ್ಟಾ. ರಸ್ತೆ ಚೆನ್ನಾಗಿ ಕಾಣತ್ತೆ,” ಅಂದ.

“ಇಲ್ಲ ಅಪ್ಪಾ. ಹಿಂದೆನೇ ಕೂತ್ಕೋತೀನಿ.”

ಅವಳು ಹಿಂದಿನ ಬಾಗಿಲು ತೆರೆದು ಅಮ್ಮನ ಪಕ್ಕ ಕೂತಳು. ಮಾಮನಿಗೆಂದು ಅಪ್ಪ ಬಾಗಿಲು ತೆರೆದಿದ್ದ ಮುಂದಿನ ಸೀಟು ಖಾಲಿಯೇ ಇತ್ತು. ಅಪ್ಪ ಗೇರು ಹಾಕಿದ.